ಅಣ್ಣನ ತೊಂಬತ್ತು ದಿನದ ಲೆಕ್ಕ

ನಮ್ಮ ಮನೇಲಿ ಅಪ್ಪನನ್ನು ಅಪ್ಪ ಅಂತ ಯಾರೂ ಕರೆಯಲಿಲ್ಲ. ಅವರು ನಮಗೆ ಅಣ್ಣ. ಚಿಕ್ಕಪ್ಪಂದಿರ ಬಾಯಲ್ಲಿ ಕೇಳಿ ಕೇಳಿ ನಮಗೂ ಅದೇ ರೂಢಿಯಾಯಿತು. ಮಂಡ್ಯದ ಕಡೆ ಇಂಥ ಮನೆಗಳು ಬೇಕಾದಷ್ಟಿವೆ. ಹಾಗಾಗಿ ಇಲ್ಲೂ ಅಣ್ಣ ಅಂತಲೇ ಬರೆಯುತ್ತೇನೆ.

2024ರ ಫೆಬ್ರವರಿಯಲ್ಲಿ ಅಣ್ಣ ತೀರಿಕೊಂಡರು. ತೊಂಬತ್ತು ತುಂಬಿತ್ತು. ಅವರ ಕಬ್ಬಿಣದ ಟ್ರಂಕಿನಲ್ಲಿ ನಾಲ್ಕು ನೋಟ್‌ಬುಕ್ ಸಿಕ್ಕಿದವು. ಗಟ್ಟಿ ರಟ್ಟಿನ, ಉದ್ದನೆಯ ಲೆಕ್ಕದ ಪುಸ್ತಕಗಳು. ಅವನ್ನು ಮೈಸೂರಿಗೆ ತಂದು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರು. ಹೆಸರು, ಊರು, ರಕ್ತದ ಗುಂಪು, ಕೊನೆಯ ಸಲ ರಕ್ತ ಕೊಟ್ಟ ತಾರೀಕು. ಅದರ ಪಕ್ಕ ಪೆನ್ಸಿಲ್‌ನಲ್ಲಿ ಇನ್ನೊಂದು ತಾರೀಕು, ತೊಂಬತ್ತು ದಿನ ಕಳೆದ ಮೇಲಿನದ್ದು. ಗಂಡಸರು ಒಂದು ಸಲ ರಕ್ತ ಕೊಟ್ಟರೆ ಮತ್ತೆ ಕೊಡಲು ಅಷ್ಟು ದಿನ ಕಾಯಬೇಕು. ಹೆಂಗಸರಾದರೆ 120 ದಿನ. ಹೆಂಗಸರ ಹೆಸರಿನ ಮುಂದೆ ಅಣ್ಣ ಸಣ್ಣದಾಗಿ ಒಂದು ಸೊನ್ನೆ ಸುತ್ತಿದ್ದಾರೆ, ಲೆಕ್ಕ ತಪ್ಪಬಾರದು ಅಂತ.

ಪೆನ್ಸಿಲ್ ಯಾಕೆ ಅಂದರೆ ಅಳಿಸಿ ಮತ್ತೆ ಬರೆಯಬೇಕಲ್ವಾ. ಕೆಲವು ಸಾಲುಗಳಲ್ಲಿ ಅಳಿಸಿ ಅಳಿಸಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಅಂಥ ಸಾಲಿನವರು ಇಪ್ಪತ್ತು, ಮೂವತ್ತು ಸಲ ಬಂದವರು.

ಅಣ್ಣ ಹುಟ್ಟಿದ್ದು 1933ರಲ್ಲಿ. ಮೈಷುಗರ್ ಕಂಪನಿ ಶುರುವಾದದ್ದೂ ಅದೇ ವರ್ಷ. ಆಗ ಮಂಡ್ಯ ಅಂತ ಜಿಲ್ಲೆಯೇ ಇರಲಿಲ್ಲ, ಎಲ್ಲ ಮೈಸೂರು ಜಿಲ್ಲೆ. ಬೇರೆ ಜಿಲ್ಲೆ ಆದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆ ನೀರು ನಾಲೆಗೆ ಬಂದು, ರಾಗಿ ಹುರುಳಿ ಬೆಳೆಯುತ್ತಿದ್ದ ಹೊಲಗಳೆಲ್ಲ ಗದ್ದೆಯಾಗುತ್ತಿದ್ದ ಕಾಲ ಅದು. "ನಾಲೆ ಬರೋಕ್ ಮುಂಚೆ ಅನ್ನ ಅಂದ್ರೆ ಹಬ್ಬಕ್ ಮಾತ್ರ ಕಣವ್ವ" ಅಂತ ಅಜ್ಜಿ ಹೇಳುತ್ತಿದ್ದರು. ಅಣ್ಣನಿಗೆ ಸಾಯುವವರೆಗೂ ಪೇಪರಿನಲ್ಲಿ ಮೊದಲು ಬೇಕಾಗಿದ್ದದ್ದು ಕಟ್ಟೆಯ ನೀರಿನ ಮಟ್ಟ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಇವತ್ತು ಎಷ್ಟು ಅಡಿ. ಅದನ್ನು ಗಟ್ಟಿಯಾಗಿ ಓದಿದ ಮೇಲೆಯೇ ಕಾಫಿ.

ಗಟ್ಟಿಯಾಗಿ ಓದುವುದು ಅವರಿಗೆ ಕೆಲಸದಿಂದ ಬಂದ ಅಭ್ಯಾಸ. ಇಪ್ಪತ್ತೊಂದನೇ ವಯಸ್ಸಿಗೆ ಸಕ್ಕರೆ ಕಾರ್ಖಾನೆ ಸೇರಿ, ಕಬ್ಬಿನ ಗಾಡಿ ತೂಗುವ ಕಡೆ ಗುಮಾಸ್ತರಾದರು. ಕಬ್ಬು ತುಂಬಿದ ಗಾಡಿಯನ್ನು ಒಂದು ಸಲ ತೂಗಬೇಕು. ಕಬ್ಬು ಇಳಿಸಿದ ಮೇಲೆ ಬರೀ ಗಾಡಿಯನ್ನು ಇನ್ನೊಂದು ಸಲ. ಕಳೆದು ಉಳಿದದ್ದು ಕಬ್ಬಿನ ತೂಕ. ಆಗ ಬಹಳ ಜನ ರೈತರಿಗೆ ಚೀಟಿ ಓದಲು ಬರುತ್ತಿರಲಿಲ್ಲ. ಅಣ್ಣ ಪ್ರತಿ ಗಾಡಿಯ ತೂಕವನ್ನೂ ಜೋರಾಗಿ ಕೂಗಿ ಹೇಳುತ್ತಿದ್ದರು. ಹಿಂದೆ ನಿಂತ ನಾಲ್ಕು ಗಾಡಿಗೆ ಕೇಳಿಸಬೇಕು, ಹಾಗೆ. ಹಾಗೆ ಮಾಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. "ವರ್ಷದ ಬೆವರು ಅದು. ಅವನ ಕಿವಿಗೆ ಬೀಳ್ಬೇಕು" ಅನ್ನುತ್ತಿದ್ದರು. ಚಿಕ್ಕವಳಿದ್ದಾಗ ಚಿಕ್ಕಪ್ಪನ ಸೈಕಲ್ ಹಿಂದೆ ಕೂತು ರಾತ್ರಿ ಪಾಳಿಗೆ ಊಟದ ಕ್ಯಾರಿಯರ್ ಕೊಡಲು ಹೋಗುತ್ತಿದ್ದೆ. ಸಾಲು ಗಾಡಿಗಳು. ಗಾಡಿ ಕೆಳಗೆ ಕಂಬಳಿ ಹೊದ್ದು ಮಲಗಿದ ಜನ. ಕಾಕಂಬಿಯ ಹುಳಿಹುಳಿ ಸಿಹಿ ವಾಸನೆ. ಎತ್ತಿನ ಗಂಟೆ ಸದ್ದಿನ ನಡುವೆ ಅಣ್ಣನ ಗಂಟಲು. ಕತ್ತಲಲ್ಲಿ ಆ ದನಿ ಕೇಳಿದರೆ ನನಗೆ ಭಯ ಹೋಗುತ್ತಿತ್ತು.

ನೋಟ್‌ಬುಕ್ ಶುರುವಾದದ್ದು ಅಮ್ಮನಿಂದ.

1968ರ ನವೆಂಬರ್‌ನಲ್ಲಿ ನನ್ನ ತಮ್ಮ ಹುಟ್ಟಿದ. ಹೆರಿಗೆಯಾದ ಮೇಲೆ ಅಮ್ಮನಿಗೆ ರಕ್ತ ಹೋಗುವುದು ನಿಲ್ಲಲೇ ಇಲ್ಲ. ಯಾರದೋ ಕಾರು ಹಿಡಿದು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಕರೆದುಕೊಂಡು ಬಂದರು. ಅಮ್ಮನದು ಓ ನೆಗೆಟಿವ್. ನಮ್ಮಲ್ಲಿ ನೂರು ಜನದಲ್ಲಿ ಒಬ್ಬಿಬ್ಬರಿಗೆ ಇರುವ ರಕ್ತ ಅದು. ಓ ನೆಗೆಟಿವ್‌ನವರು ತುರ್ತಿಗೆ ಯಾರಿಗೆ ಬೇಕಾದರೂ ರಕ್ತ ಕೊಡಬಹುದು. ಆದರೆ ಅವರಿಗೆ ಬೇಕಾದಾಗ ಓ ನೆಗೆಟಿವ್ವೇ ಆಗಬೇಕು. ಊರಿನಿಂದ ಒಂಬತ್ತು ಜನ ರೈಲು ಹತ್ತಿ ಬಂದರು. ಒಬ್ಬರದೂ ಹೊಂದಲಿಲ್ಲ. ಅವರನ್ನು ರೈಲ್ವೆ ಸ್ಟೇಷನ್‌ನಿಂದ ಆಸ್ಪತ್ರೆಗೆ ಕರೆತಂದ ಟಾಂಗಾದವರು ಬಾಡಿಗೆಗೆ ಕಾಯುತ್ತಾ ಬಾಗಿಲಲ್ಲೇ ನಿಂತಿದ್ದರಂತೆ. ಒಳಗೆ ಏನಾಗುತ್ತಿದೆ ಅಂತ ಕೇಳಿ, "ನನ್ನದೂ ನೋಡಿ" ಅಂದರಂತೆ. ನೋಡಿದರು. ಹೊಂದಿತು. "ಕುದುರೆಗೆ ಹುಲ್ಲು ಹಾಕಿ ಬರ್ತೀನಿ, ಆಮೇಲೆ ತಗೊಳ್ಳಿ" ಅಂತ ಹೋಗಿ, ಹುಲ್ಲು ಹಾಕಿ, ವಾಪಸ್ ಬಂದು ಮಲಗಿದರು.

ಆಗ ರಕ್ತ ತುಂಬುತ್ತಿದ್ದದ್ದು ಗಾಜಿನ ಬಾಟಲಿಗೆ. ಆ ಬಾಟಲಿ ಅಮ್ಮನ ಮಂಚದ ಪಕ್ಕ ನೇತಾಡುವುದನ್ನು ನೋಡುತ್ತಾ ಅಣ್ಣ ನಿಂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಓಡಿ ಬಂದರೆ ಟಾಂಗಾ ಇರಲಿಲ್ಲ. ಬಾಡಿಗೆಯನ್ನೂ ತೆಗೆದುಕೊಂಡಿರಲಿಲ್ಲ. ಮುಂದಿನ ಮೂರು ಭಾನುವಾರ ಅಣ್ಣ ಮಂಡ್ಯದಿಂದ ಬಂದು ಸ್ಟೇಷನ್ ಮುಂದಿನ ಟಾಂಗಾ ಸ್ಟ್ಯಾಂಡ್‌ನಲ್ಲಿ ಹುಡುಕಿದರು. ಸಿಗಲಿಲ್ಲ.

ಮೊದಲ ನೋಟ್‌ಬುಕ್ಕಿನ ಮೊದಲ ಸಾಲು ಹೀಗಿದೆ: "1. ಟಾಂಗಾ ಯಜಮಾನರು. ಮೈಸೂರು. ಓ ನೆಗೆಟಿವ್. 14-11-1968." ಅದರ ಪಕ್ಕ ಪೆನ್ಸಿಲ್‌ನಲ್ಲಿ 12-2-1969. ನಾನು ಎಣಿಸಿ ನೋಡಿದೆ. ಸರಿಯಾಗಿ ತೊಂಬತ್ತು ದಿನ. ಎಲ್ಲಿದ್ದಾರೋ ಗೊತ್ತಿಲ್ಲದ ಮನುಷ್ಯನಿಗೂ ಅಣ್ಣ ಲೆಕ್ಕ ಹಾಕಿ ಇಟ್ಟಿದ್ದಾರೆ. ಆ ತಾರೀಕನ್ನು ಯಾವತ್ತೂ ಅಳಿಸಿಲ್ಲ.

ಎರಡನೇ ಸಾಲು ಅಣ್ಣನದೇ. ಬಿ ಪಾಸಿಟಿವ್. ಅರವತ್ತು ತುಂಬಿದ ಮೇಲೆ ಅವರ ರಕ್ತ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ 61 ಸಲ ಕೊಟ್ಟಿದ್ದರು.

ಈ ಕೆಲಸದಲ್ಲಿ ಇಷ್ಟೊಂದು ಯೋಚನೆ ಇರುತ್ತದೆ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಯಾರಿಗೋ ಬೇಕು ಅಂದರೆ ಯಾರನ್ನೋ ಕಳಿಸುವುದು, ಅಷ್ಟೇ ಅಂದುಕೊಂಡಿದ್ದೆ. ಅಣ್ಣ ಹಾಗೆ ಮಾಡುತ್ತಿರಲಿಲ್ಲ. ಸಿಕ್ಕಿದವರನ್ನೆಲ್ಲ ಒಂದೇ ದಿನ ಕರೆದು ರಕ್ತ ಕೊಡಿಸುವುದು ಅವರಿಗೆ ಸರಿ ಬರುತ್ತಿರಲಿಲ್ಲ. ತೆಗೆದ ರಕ್ತ ತಿಂಗಳ ಮೇಲೆ ಕೆಲವು ದಿನ ಇರುತ್ತದೆ. ಅದರಿಂದ ಬೇರೆ ಮಾಡಿದ ಪ್ಲೇಟ್‌ಲೆಟ್ ಐದು ದಿನ ಮಾತ್ರ. ದೊಡ್ಡವರ ಹುಟ್ಟುಹಬ್ಬಕ್ಕೆ ಒಂದೇ ದಿನ ಇನ್ನೂರು ಜನ ಕೊಟ್ಟರೆ ಮುಂದಿನ ಮೂರು ತಿಂಗಳು ಆ ಇನ್ನೂರು ಜನವೂ ಸಿಗುವುದಿಲ್ಲ. ನನಗೂ ಅಣ್ಣನ ಮಾತೇ ಸರಿ ಅನ್ನಿಸುತ್ತದೆ. ಏಪ್ರಿಲ್, ಮೇ ತಿಂಗಳು ಅವರಿಗೆ ದೊಡ್ಡ ಚಿಂತೆ. ಕಾಲೇಜಿಗೆ ರಜ, ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ. ರಕ್ತ ಕೊಡುವವರಲ್ಲಿ ಅವರೇ ಜಾಸ್ತಿ. ಅದಕ್ಕೆ ಅಣ್ಣ ಕಾರ್ಖಾನೆಯವರನ್ನು, ಅಂಗಡಿಯವರನ್ನು ಜನವರಿ ಕಳೆದ ಮೇಲೆ ಕರೆಯುತ್ತಲೇ ಇರಲಿಲ್ಲ. ಬೇಸಿಗೆಗೆ ಉಳಿಸಿಕೊಳ್ಳುತ್ತಿದ್ದರು. ಅಜ್ಜಿ ಬೀಜದ ರಾಗಿ ತೆಗೆದಿಡುತ್ತಿದ್ದ ಹಾಗೆ.

ಡೆಂಗ್ಯೂ ಬಂದ ವರ್ಷಗಳಲ್ಲಿ ರೋಗಿಯ ಮನೆಯವರು ಗಾಬರಿಯಿಂದ ಹತ್ತು ಜನ ಬೇಕು ಅಂತ ಬರುತ್ತಿದ್ದರು. ಅಣ್ಣ ಅವರನ್ನು ಕೂರಿಸಿ ಮೊದಲು ನೀರು ಕೊಡುತ್ತಿದ್ದರು. "ಇವತ್ತು ಇಬ್ರು. ನಾಳೆ ಡಾಕ್ಟ್ರು ಹೇಳಿದ್ರೆ ಇನ್ನಿಬ್ರು. ನಾನ್ ಎಲ್ಲೂ ಹೋಗಲ್ಲ, ಇಲ್ಲೇ ಇರ್ತೀನಿ." ಈ ಕೊನೆ ಮಾತಿಗೇ ಅರ್ಧ ಜನರ ಮುಖ ಸರಿಹೋಗುತ್ತಿತ್ತು.

ಅದಕ್ಕೂ ಮುಂಚೆ ದುಡ್ಡಿಗೆ ರಕ್ತ ಮಾರುವವರಿದ್ದ ಕಾಲವನ್ನೂ ಅಣ್ಣ ನೋಡಿದ್ದರು. ಹೊಟ್ಟೆಗಿಲ್ಲದೆ ತಿಂಗಳಿಗೆ ಎರಡು ಸಲ ಕೊಟ್ಟು ಬಿಳಿಚಿಕೊಂಡಿದ್ದವರು. ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ತೀರ್ಪಿನಿಂದ 1998ರ ಜನವರಿ 1ಕ್ಕೆ ಅದು ನಿಂತಿತು. ಆ ವರ್ಷ ನಮ್ಮ ಮನೆ ಫೋನ್ ರಾತ್ರಿಯೂ ಬಡಿದುಕೊಳ್ಳುತ್ತಿತ್ತು. ಅಣ್ಣ ಹಾಲ್‌ನಲ್ಲಿ ಫೋನಿನ ಪಕ್ಕ ಚಾಪೆ ಹಾಸಿಕೊಂಡು ಮಲಗಲು ಶುರು ಮಾಡಿದ್ದು ಆಗಲೇ.

ಪಲ್ಸ್ ಪೋಲಿಯೊ ಶುರುವಾದಾಗ ಮಂಜುಗಡ್ಡೆ ಡಬ್ಬ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಸುತ್ತಿದ್ದಾರೆ. ಅದನ್ನು ಇಲ್ಲಿ ಜಾಸ್ತಿ ಬರೆಯುವುದಿಲ್ಲ.

ಒಂದು ವಿಷಯ ಮಾತ್ರ ಬರೆಯಲೇಬೇಕು. ಅಣ್ಣನ ಮೇಲೆ ನನಗೆ ಬಹಳ ವರ್ಷ ಸಿಟ್ಟಿತ್ತು. 1986ರಲ್ಲಿ ನನ್ನ ನಿಶ್ಚಿತಾರ್ಥ. ಗಂಡಿನ ಕಡೆಯವರು ಪಂಕ್ತಿಗೆ ಕೂತಿದ್ದಾರೆ. ಅಣ್ಣ ತುಪ್ಪ ಬಡಿಸುತ್ತಿದ್ದರು. ಒಬ್ಬ ಹುಡುಗ ಸೈಕಲ್‌ನಲ್ಲಿ ಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಅಣ್ಣ ತುಪ್ಪದ ಗಿಣ್ಣಲನ್ನು ಚಿಕ್ಕಪ್ಪನ ಕೈಗೆ ಕೊಟ್ಟು ಹೋಗಿಬಿಟ್ಟರು. ಬಂದದ್ದು ರಾತ್ರಿ ಎಂಟಕ್ಕೆ. ಅಷ್ಟರಲ್ಲಿ ಎಲ್ಲರೂ ಹೊರಟುಹೋಗಿದ್ದರು. ತಾಂಬೂಲ ಬದಲಾಯಿಸಿದ್ದು ಚಿಕ್ಕಪ್ಪ. ನಾನು ಆ ಸೀರೆಯಲ್ಲೇ ಹಿತ್ತಲಲ್ಲಿ ಕೂತು ಅತ್ತೆ. ಊರಿಗೆಲ್ಲ ಸಿಗುವ ಅಪ್ಪ ನನಗೆ ಸಿಗಲಿಲ್ಲ ಅಂತ.

ಬೆಳಿಗ್ಗೆ ಅಣ್ಣ ಬಂದು ನನ್ನ ಎದುರು ನೆಲದ ಮೇಲೆ ಕೂತರು. ಯಾರಿಗೆ ಏನಾಗಿತ್ತು, ಎಷ್ಟು ಕಷ್ಟವಿತ್ತು ಅಂತ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ನಾನು ಕರಗುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು. "ನಿನ್ನ ಕೇಳಿ ಹೋಗಬೇಕಾಗಿತ್ತು ಕೂಸೆ. ಕೇಳದೆ ಹೋದೆ. ತಪ್ಪಾಯ್ತು" ಅಂದರು. ನಾನು ಮಾತಾಡಲಿಲ್ಲ. ಆವತ್ತಿನಿಂದ ಅಣ್ಣ ಮನೆಯಲ್ಲಿ ಯಾರನ್ನೂ ಕೇಳದೆ ಹೊಸಿಲು ದಾಟಲಿಲ್ಲ. "ಹೋಗ್ ಬರ್ಲಾ?" ಅಂತ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಮನೆಯಲ್ಲಿ ಮೊಮ್ಮಗ ಒಬ್ಬನೇ ಇದ್ದರೆ ಅವನನ್ನೇ ಕೇಳುತ್ತಿದ್ದರು, ಅವನು ಹೂಂ ಅನ್ನುವವರೆಗೆ ಚಪ್ಪಲಿ ಮೆಟ್ಟದೆ ಕಾಯುತ್ತಿದ್ದರು. ನನ್ನ ಸಿಟ್ಟು ಪೂರ್ತಿ ಹೋದದ್ದು ಯಾವಾಗ ಅಂತ ಕೇಳಿದರೆ, ಅಮ್ಮ ಮಲಗಿದ ಮೇಲೆ.

2000ದಲ್ಲಿ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತೂ ಹೋಯಿತು. ಒಂದೇ ಒಂದು ಮಾತು ಉಳಿಯಿತು: "ಬಾ." ಹಸಿವಾದರೂ ಬಾ. ಸೆಕೆಯಾದರೂ ಬಾ. ಟಿವಿ ಆರಿಸಬೇಕಾದರೂ ಬಾ. ಬೇಡ ಅನ್ನುವುದಕ್ಕೂ ಬಾ. ಹೀಗೆ ಒಂದೇ ಮಾತು ಉಳಿಯುವುದು ಉಂಟು ಅಂತ ಡಾಕ್ಟರು ಹೇಳಿದರು. ನಾವೆಲ್ಲ ಕಂಗಾಲಾದೆವು. ಅಣ್ಣ ಮಾತ್ರ ಕಿವಿಗೊಟ್ಟು ಕೂತರು. ಆರು ತಿಂಗಳಲ್ಲಿ ಅವರಿಗೆ ಒಂದು "ಬಾ"ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತಿತ್ತು. ಅಡುಗೆಮನೆಯಿಂದಲೇ "ಕಿಟಕಿ ತೆಗೀಬೇಕಾ? ಬಂದೆ" ಅನ್ನುತ್ತಿದ್ದರು. ಹೋಗಿ ನೋಡಿದರೆ ಅದೇ ಆಗಿರುತ್ತಿತ್ತು.

ಆಗ ಅವರಿಗೆ ಅರವತ್ತೇಳು. ಆ ವಯಸ್ಸಿನಲ್ಲಿ ಸೀರೆ ಉಡಿಸುವುದು ಕಲಿತರು. ನಾನೇ ಹೇಳಿಕೊಟ್ಟೆ. ನೆರಿಗೆ ಹಿಡಿಯಲು ಬರದೆ ನಾಲ್ಕು ದಿನ ಒದ್ದಾಡಿದರು. ಐದನೇ ದಿನ ನನ್ನದಕ್ಕಿಂತ ನೇರವಾಗಿ ಹಿಡಿದರು. "ನೈಟಿ ಹಾಕಣ್ಣ, ಸುಲಭ" ಅಂದರೆ ಕೇಳಲಿಲ್ಲ. "ಅವಳು ಜೀವಮಾನವೆಲ್ಲ ಸೀರೆ ಉಟ್ಟೋಳು. ಈಗ್ಯಾಕೆ ಬಿಡ್ಬೇಕು?" ತಲೆಗೆ ಹರಳೆಣ್ಣೆ ಹಚ್ಚಿ, ಬಾಚಿ, ಜಡೆ ಹಾಕಿ, ಒಂದು ಎಳೆ ಕನಕಾಂಬರ ಮುಡಿಸುತ್ತಿದ್ದರು. ಉಪ್ಸಾರು ಮಾಡುವುದೂ ಕಲಿತರು. ಖಾರವನ್ನು ಒರಳಲ್ಲೇ ಅರೆಯಬೇಕು, ಮಿಕ್ಸಿ ಬೇಡ ಅಂತ ಹಟ. ಅಮ್ಮನಿಗೆ ನುಂಗಲು ಕಷ್ಟ ಅಂತ ಮುದ್ದೆಯನ್ನು ಮೆತ್ತಗೆ ತೊಳೆಸಿ, ಹುಣಸೆಬೀಜದಷ್ಟು ಸಣ್ಣ ಸಣ್ಣ ತುತ್ತು ಮಾಡಿ, ಸಾರಿನಲ್ಲಿ ಅದ್ದಿ ಕೊಡುತ್ತಿದ್ದರು. ಒಂದು ಊಟಕ್ಕೆ ಒಂದು ಗಂಟೆ. ಆ ಒಂದು ಗಂಟೆ ಫೋನ್ ಬಂದರೆ ಪಕ್ಕದ ಮನೆ ಹುಡುಗ ತೆಗೆದು ನೋಟ್‌ಬುಕ್ ನೋಡಿ ಹೇಳುತ್ತಿದ್ದ. ಮೂರನೇ ನೋಟ್‌ಬುಕ್ಕಿನಲ್ಲಿ ಅವನ ಗುಂಡು ಗುಂಡು ಅಕ್ಷರ ಪುಟಗಟ್ಟಲೆ ಇದೆ. ಅಣ್ಣ ಅದಕ್ಕೆ ಅಂತಲೇ ಅವನಿಗೆ ತೊಂಬತ್ತು ದಿನ ಕೂಡುವುದನ್ನು ಹೇಳಿಕೊಟ್ಟಿದ್ದರು.

ಬೆಳಿಗ್ಗೆ ಕಟ್ಟೆಯ ಮಟ್ಟ ಓದುವುದು ಆಗಲೂ ನಿಲ್ಲಲಿಲ್ಲ. ಅಮ್ಮನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಓದುತ್ತಿದ್ದರು. ಮಳೆಗಾಲದಲ್ಲಿ ನೀರು ಏರುತ್ತಾ ಬಂದಾಗ ಅಮ್ಮ ಎಡಗೈಯನ್ನು ಸ್ವಲ್ಪ ಮೇಲೆತ್ತುತ್ತಿದ್ದರು. ಕಟ್ಟೆ ತುಂಬಿದ ದಿನ ಅಣ್ಣ ಕಬ್ಬಿನ ಗಾಡಿ ತೂಕ ಕೂಗುತ್ತಿದ್ದ ದನಿಯಲ್ಲೇ, "ನೂರಾ ಇಪ್ಪತ್ನಾಲ್ಕು ಪಾಯಿಂಟ್ ಎಂಬತ್ತೂ!" ಅನ್ನುತ್ತಿದ್ದರು. ಅಮ್ಮ ನಗುತ್ತಿದ್ದರು. ಬಾಯಿ ಒಂದು ಕಡೆ ಮಾತ್ರ ಏಳುವ ನಗು.

ಹನ್ನೊಂದು ವರ್ಷ ಹೀಗೆ ನಡೆಯಿತು. ಅಮ್ಮನ ಬೆನ್ನಿಗೆ ಒಂದೇ ಒಂದು ಹುಣ್ಣಾಗಲಿಲ್ಲ. ಇದನ್ನು ನಾನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಮಲಗಿದವರನ್ನು ನೋಡಿಕೊಂಡವರಿಗೆ ಇದು ಎಷ್ಟು ದೊಡ್ಡದು ಅಂತ ಗೊತ್ತಿರುತ್ತದೆ. ಎರಡೆರಡು ಗಂಟೆಗೆ ಮಗ್ಗುಲು ಬದಲಾಯಿಸಬೇಕು, ರಾತ್ರಿಯೂ. ಅಣ್ಣ ಅಲಾರಂ ಇಟ್ಟುಕೊಂಡು ಏಳುತ್ತಿದ್ದರು. ನಾನು ಶನಿವಾರ ಮೈಸೂರಿನಿಂದ ಬಂದು "ಇವತ್ತು ನಾನ್ ನೋಡ್ಕೋತೀನಿ, ನೀವ್ ಮಲಗಿ" ಅಂದರೂ ಎರಡು ಗಂಟೆಗೆ ತಾವೂ ಎದ್ದು ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು. 2011ರಲ್ಲಿ ಅಮ್ಮ ಹೋದಾಗ ಅವರಿಬ್ಬರ ಮದುವೆಗೆ 52 ವರ್ಷ. ಅದಾದ ಮೇಲೂ ಒಂದು ವರ್ಷ ಅಣ್ಣ ರಾತ್ರಿ ಎರಡಕ್ಕೆ ಏಳುತ್ತಿದ್ದರು. ಎದ್ದು ಸುಮ್ನೆ ಕೂತಿರುತ್ತಿದ್ದರು.

ಕಣ್ಣು ಕೊಡುವ ವಿಚಾರ ಅವರು ಮುಂಚೆಯೇ ಹೇಳಿಟ್ಟಿದ್ದರು. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡು ಅವರ ಕಣ್ಣು ಕೊಟ್ಟ ಸುದ್ದಿ ಬಂದಾಗ ಅಣ್ಣ ಟಿವಿ ಮುಂದೆಯೇ, "ನನ್ನದೂ" ಅಂದಿದ್ದರು. 2021ರಲ್ಲಿ ಪುನೀತ್ ಹೋದಾಗ, ಅವರ ಕಣ್ಣಿನಿಂದ ನಾಲ್ಕು ಜನರಿಗೆ ಬೆಳಕು ಬಂತು ಅಂತ ಓದಿ, ನನ್ನನ್ನೂ ತಮ್ಮನನ್ನೂ ಕೂರಿಸಿಕೊಂಡು ಇನ್ನೊಂದು ಸಲ ಎಲ್ಲ ವಿವರ ಹೇಳಿದರು. "ಆರು ಗಂಟೆ ಒಳಗೆ ತೆಗೀಬೇಕು. ಅತ್ಕೊಂಡ್ ಕೂತ್ರೆ ಆಗಲ್ಲ. ಫ್ಯಾನ್ ಆರ್ಸಿ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ. ತಲೆ ಕೆಳಗೆ ದಿಂಬು ಇರ್ಲಿ." ಪೊರೆ ಆಪರೇಷನ್ ಆಗಿದೆಯಲ್ಲ, ಆಗುತ್ತಾ ಅಂತ ತಮ್ಮ ಕೇಳಿದ. ಅದನ್ನೂ ಅಣ್ಣ ಆಗಲೇ ವಿಚಾರಿಸಿಕೊಂಡಿದ್ದರು. ಪೊರೆ ತೆಗೆದಿದ್ದರೂ ಮುಂದಿನ ಪಾರದರ್ಶಕ ಪದರ ಚೆನ್ನಾಗಿದ್ದರೆ ಸಾಕು, ಅದನ್ನೇ ಬೇರೆಯವರಿಗೆ ಹಾಕುವುದು.

ಅಣ್ಣ ಹೋದ ದಿನ ಮಧ್ಯಾಹ್ನ ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ಮಲಗಿದವರು ಏಳಲಿಲ್ಲ. ತಮ್ಮ ಮೊದಲು ಫೋನ್ ಮಾಡಿದ್ದು ನನಗಲ್ಲ, ಕಣ್ಣಿನವರಿಗೆ. ಅದಕ್ಕಾಗಿ ಅವನನ್ನು ಎಷ್ಟು ಮೆಚ್ಚಿದರೂ ಸಾಲದು. ನಾನು ಮಂಡ್ಯ ತಲುಪುವಷ್ಟರಲ್ಲಿ ಅವರು ಬಂದು, ಕೆಲಸ ಮುಗಿಸಿ ಹೋಗಿದ್ದರು. ಅರ್ಧ ಗಂಟೆಯ ಕೆಲಸವಂತೆ. ಮುಖ ಹಾಗೇ ಇತ್ತು, ಒಂದು ಚೂರೂ ಬದಲಾಗಿರಲಿಲ್ಲ. ಫ್ಯಾನ್ ಇನ್ನೂ ಆರಿಸಿಯೇ ಇತ್ತು. ಫೆಬ್ರವರಿಯ ಆ ಸೆಕೆಯಲ್ಲಿ ಮನೆ ತುಂಬ ಜನ, ಯಾರೂ ಅದನ್ನು ಹಾಕಿರಲಿಲ್ಲ. ಹಳೆಯ ಪಕ್ಕದ ಮನೆ ಹುಡುಗ, ಈಗ ನಲವತ್ತರ ಹತ್ತಿರದವನು, ಬಾಗಿಲಲ್ಲಿ ನಿಂತು ಬಂದವರಿಗೆ ಬೀಸಣಿಗೆ ಕೊಡುತ್ತಿದ್ದ.

ಈಗ ಹೆಸರುಗಳೆಲ್ಲ ಅವನ ಮೊಬೈಲಿನಲ್ಲಿವೆ. ನೋಟ್‌ಬುಕ್ಕನ್ನು ನನಗೆ ಕೊಡುವ ಮುಂಚೆ ಎಲ್ಲ ಪುಟದ ಫೋಟೊ ತೆಗೆದುಕೊಂಡ. ಮೊದಲ ಸಾಲನ್ನೂ ಸೇರಿಸಿಕೊಂಡಿದ್ದಾನೆ.

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋದೆವು. ಹಿಂದಿನ ವರ್ಷ ಮಳೆ ಕೈಕೊಟ್ಟು ಕಟ್ಟೆ ತುಂಬಿರಲಿಲ್ಲ. ಹೊಳೆಯಲ್ಲಿ ಬಂಡೆಗಳೇ ಜಾಸ್ತಿ, ನೀರು ಕಡಿಮೆ. ಹರಿಯುವ ಕಡೆ ಹುಡುಕಿಕೊಂಡು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋಗಬೇಕಾಯಿತು. ತಮ್ಮನಿಗೆ ಅದೇ ಕೊರಗು. ನೀರಿಗಾಗಿ ದಿನಾ ಪೇಪರ್ ನೋಡಿದವರನ್ನು ನೀರಿಲ್ಲದ ವರ್ಷ ಕಳಿಸಿದೆವಲ್ಲ ಅಂತ.

ಜುಲೈ ಕೊನೆಯಲ್ಲಿ ಕಟ್ಟೆ ತುಂಬಿತು. ತಮ್ಮ ಬೆಳಿಗ್ಗೆಯೇ ಫೋನ್ ಮಾಡಿದ. ಆ ಭಾನುವಾರ ಅವನು ಮಂಡ್ಯದಿಂದ ಬಂದ, ನಾನು ಮೈಸೂರಿನಿಂದ ಹೋದೆ. ನಾವು ಫೆಬ್ರವರಿಯಲ್ಲಿ ನಿಂತಿದ್ದ ಕಲ್ಲುಗಳು ಎಲ್ಲಿದ್ದವು ಅಂತ ಗೊತ್ತೇ ಆಗಲಿಲ್ಲ. ನೀರು ಕೆಂಪಗೆ, ಸದ್ದು ಮಾಡುತ್ತಾ ಹೋಗುತ್ತಿತ್ತು. ಹತ್ತಿರ ಹೋಗಲು ಆಗಲಿಲ್ಲ, ದೂರದಲ್ಲೇ ನಿಂತೆವು. ತಮ್ಮ ಜೇಬಿನಿಂದ ಮಡಿಸಿದ ಪೇಪರ್ ತೆಗೆದು ನನ್ನ ಕೈಗೆ ಕೊಟ್ಟ. ಆ ಸದ್ದಿನಲ್ಲಿ ಮೆಲ್ಲಗೆ ಓದಿದರೆ ಪಕ್ಕದಲ್ಲಿದ್ದ ಅವನಿಗೂ ಕೇಳುತ್ತಿರಲಿಲ್ಲ. ನಾನು ಗಂಟಲೆತ್ತಿ ಓದಿದೆ. ನೂರಾ ಇಪ್ಪತ್ನಾಲ್ಕು ಪಾಯಿಂಟ್ ಎಂಬತ್ತು.